ಕಾಗದದ ಹಣವೂ ಅದರ ಸಂಗ್ರಹವೂ

ಹಣವೆಂಬುದು ವ್ಯಯವಾಗಲೆಂದೇ ಹುಟ್ಟಿದ ವಸ್ತು. ಅದನ್ನು ವ್ಯಯಮಾಡದೆ, ಬಡ್ಡಿಗೂ ಕೊಡದೆ, ಪುಸ್ತಕದ ಹಾಳೆಗಳ ನಡುವೆ ಜೋಪಾನವಾಗಿ ಇಟ್ಟುಕೊಂಡು ಆಗಾಗ ತೆಗೆದು ನೋಡಿ ಸಂತೋಷಪಡುವವರನ್ನು ಕಂಡರೆ ಲೋಕವು ಒಂದಿಷ್ಟು ನಗುವುದು ಸಹಜವೇ. ಲೋಭಿಯೂ ಹಣವನ್ನು ವ್ಯಯಮಾಡುವುದಿಲ್ಲ, ಸಂಗ್ರಾಹಕನೂ ವ್ಯಯಮಾಡುವುದಿಲ್ಲ. ಆದರೆ ಲೋಭಿಗೆ ಆಸೆಯಿರುವುದು ಹಣದ ಬೆಲೆಯ ಮೇಲೆ; ಸಂಗ್ರಾಹಕನಿಗೆ ಆಸಕ್ತಿಯಿರುವುದು ಬೆಲೆಯು ಹೋದ ಮೇಲೆಯೂ ಆ ಕಾಗದದಲ್ಲಿ ಉಳಿದಿರುವುದರ ಮೇಲೆ. ಹಾಗೆ ಉಳಿಯುವುದು ಯಾವುದು, ಅದನ್ನು ಕಾಪಾಡುವುದರಿಂದ ಯಾರಿಗೆ ಏನು ಪ್ರಯೋಜನ ಎಂಬುದೇ ಇಲ್ಲಿ ವಿಚಾರಮಾಡತಕ್ಕ ವಿಷಯ.

ಬೆಂಗಳೂರಿಗೆ ಪೂರ್ವದಿಕ್ಕಿನಲ್ಲಿರುವ ವೈಟ್‌ಫೀಲ್ಡ್ ಎಂಬ ಊರಿನಿಂದ ಈ ವಿಚಾರವನ್ನು ಆರಂಭಿಸುವುದು ಅನುಕೂಲ. 1881ರಲ್ಲಿ ಮೈಸೂರು ರಾಜ್ಯವು ಪುನಃ ಒಡೆಯರ ಕೈಸೇರಿತು. ಮರುವರ್ಷ, ಅಂದರೆ 1882ರಲ್ಲಿ, ಹತ್ತನೆಯ ಚಾಮರಾಜೇಂದ್ರ ಒಡೆಯರವರು ಆಂಗ್ಲೋ-ಇಂಡಿಯನ್ ಜನರ ಸಂಘಕ್ಕೆ ವ್ಯವಸಾಯದ ವಸತಿಯನ್ನು ಸ್ಥಾಪಿಸಲು ಸುಮಾರು 3,900 ಎಕರೆ ನೆಲವನ್ನು ದಯಪಾಲಿಸಿದರು. ಆ ಉದ್ಯಮಕ್ಕೆ ಮುಂದಾಳಾಗಿದ್ದ ಡಿ. ಎಸ್. ವೈಟ್ ಎಂಬವರ ಹೆಸರೇ ಊರಿಗೆ ನಿಂತಿತು. ರಾಜ್ಯವನ್ನು ಮರಳಿ ಒಪ್ಪಿಸಿದ ಆ 1881ರ ಪತ್ರದಲ್ಲಿಯೇ ನಾಣ್ಯದ ವಿಷಯವಾಗಿ ಒಂದು ನಿಬಂಧನೆಯುಂಟು: ಬಹುಕಾಲದಿಂದ ನಿಂತುಹೋಗಿದ್ದ ಮೈಸೂರಿನ ಸ್ವಂತ ಟಂಕಿಸುವಿಕೆಯನ್ನು ಮತ್ತೆ ಆರಂಭಿಸಕೂಡದು, ಹಿಂದೂಸ್ತಾನ ಸರಕಾರದ ನಾಣ್ಯವೇ ನಡೆಯತಕ್ಕದ್ದು. ಕಂಠೀರವ ನರಸರಾಜ ಒಡೆಯರ ಕಾಲದ ಕಂಠೀರಾಯಿ ಹಣವನ್ನು ಕಂಡಿದ್ದ ನಾಡು ಹೀಗೆ ಪರರ ಮುದ್ರೆಯ ರೂಪಾಯಿಯನ್ನೇ ಒಪ್ಪಿಕೊಂಡಿತು. ಮೈಸೂರು ಸಂಸ್ಥಾನವು ತನ್ನದೇ ಆದ ನೋಟುಗಳನ್ನು ಚಲಾವಣೆಗೆ ತರಲೂ ಇಲ್ಲ.

ಹಸುರು ಬಯಲಿನ ಸುತ್ತ ಕೆಲವೇ ಮನೆಗಳಿದ್ದ ಆ ವಸತಿಯು ಇಂದು ಗುರುತು ಸಿಗದಷ್ಟು ಬದಲಾಗಿದೆ. 1994ರಲ್ಲಿ ಕರ್ನಾಟಕ ಸರಕಾರವೂ ಟಾಟಾ ಸಂಸ್ಥೆಯೂ ಸಿಂಗಾಪುರದ ಕಂಪನಿಗಳ ಒಂದು ಕೂಟವೂ ಪಾಲುಗೂಡಿ ಅಲ್ಲಿ ತಂತ್ರಜ್ಞಾನದ ಉದ್ಯಾನವೊಂದನ್ನು ಕಟ್ಟಲು ತೊಡಗಿದ ತರುವಾಯ ಗಣಕಯಂತ್ರದ ಕಂಪನಿಗಳು ಒಂದರ ಹಿಂದೆ ಒಂದಾಗಿ ಬಂದುವು. ಅವುಗಳ ಉದ್ಯೋಗಿಗಳು ಕೆಲಸದ ನಿಮಿತ್ತ ದೇಶಾಂತರಗಳಿಗೆ ಹೋಗಿಬರುವುದು ನಿತ್ಯದ ಮಾತಾಯಿತು. ಹಾಗೆ ಹೋಗಿಬಂದವರ ಮನೆಗಳಲ್ಲಿ, ಮೇಜಿನ ಸೆಳೆಖಾನೆಯ ಮೂಲೆಯಲ್ಲಿ, ಬದಲಾಯಿಸದೆ ಉಳಿದ ಎರಡು ಮೂರು ವಿದೇಶದ ನೋಟುಗಳು ಇರುವುದು ಸಾಮಾನ್ಯ. ಸಿಂಗಾಪುರದ್ದೊಂದು, ಜಪಾನಿನದೊಂದು, ಎಲ್ಲಿಂದಲೋ ಬಂದ ಸ್ನೇಹಿತನು ಕೊಟ್ಟದ್ದೊಂದು. ಮನೆಯ ಮಗುವು ಅವನ್ನು ತೆಗೆದು ಬೆಳಕಿಗೆ ಹಿಡಿದು, ಇದರಲ್ಲಿರುವ ಹಕ್ಕಿ ಯಾವುದು, ಈ ಮನುಷ್ಯನು ಯಾರು, ಇದಕ್ಕೆ ಎಷ್ಟು ರೂಪಾಯಿ ಬರುತ್ತದೆ ಎಂದು ಕೇಳುತ್ತದೆ. ಮೂರನೆಯ ಪ್ರಶ್ನೆಗೆ ಉತ್ತರ ಕೊಡುವುದು ಸುಲಭ. ಮೊದಲಿನ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕ ಹೊರಟವನೇ ಸಂಗ್ರಾಹಕನಾಗುತ್ತಾನೆ.

ಕಾಗದವು ಹಣವಾದ ಬಗೆಯನ್ನು ಮೊದಲು ಸಂಕ್ಷೇಪವಾಗಿ ನೋಡಬಹುದು. ನಾಣ್ಯವೆಂಬ ಮಾತಿಗೆ ಮೂಲವಾದ ನಾಣಕ ಶಬ್ದವು ಯಾಜ್ಞವಲ್ಕ್ಯಸ್ಮೃತಿಯಲ್ಲಿಯೇ ಬಂದಿದೆ. ತಕ್ಕಡಿ, ಶಾಸನ, ಅಳತೆಗಳೊಡನೆ ನಾಣಕವನ್ನೂ ಕೂಟವಾಗಿ ಮಾಡುವವನಿಗೆ ಅಲ್ಲಿ ದಂಡವು ವಿಹಿತವಾಗಿದೆ. ಆದರೆ ನೋಟೆಂಬುದು ನಾಣಕದ ಜಾತಿಯದಲ್ಲ, ಲೇಖ್ಯದ ಜಾತಿಯದು. ಧರ್ಮಶಾಸ್ತ್ರಕಾರರು ಋಣಕ್ಕೆ ಪ್ರಮಾಣವೆಂದು ಹೇಳಿದ ಲಿಖಿತವು ಯಾವುದೋ ಅದರ ಸಂತತಿಯೇ ಇದು. ಇಂದಿಗೂ ರಿಸರ್ವ್ ಬ್ಯಾಂಕಿನ ನೋಟನ್ನು ಓದಿದರೆ, ಧಾರಕನಿಗೆ ಇಂತಿಷ್ಟು ರೂಪಾಯಿ ಕೊಡುವುದಾಗಿ ಬ್ಯಾಂಕಿನ ಗವರ್ನರು ವಚನಕೊಟ್ಟು ರುಜುಮಾಡಿರುವುದು ಕಾಣುತ್ತದೆ. ಒಂದು ರೂಪಾಯಿಯ ನೋಟಿನಲ್ಲಿ ಮಾತ್ರ ಆ ವಚನವಿಲ್ಲ. ಅದನ್ನು ಹೊರಡಿಸುವುದು ಬ್ಯಾಂಕಲ್ಲ, ಸರಕಾರವೇ; ರುಜು ಹಣಕಾಸಿನ ಕಾರ್ಯದರ್ಶಿಯದು. ಒಂದು ರೂಪಾಯಿಯ ನೋಟು ಸಾಕ್ಷಾತ್ ನಾಣ್ಯದ ಸ್ಥಾನದಲ್ಲಿದೆ, ಉಳಿದುವು ಋಣಪತ್ರಗಳು. ಈ ಭೇದವನ್ನು ನಿತ್ಯವೂ ನೋಟನ್ನು ಕೈಯಲ್ಲಿ ಹಿಡಿಯುವವರಲ್ಲಿ ಎಷ್ಟು ಮಂದಿ ಗಮನಿಸಿದ್ದಾರು?

ಲೋಕದಲ್ಲಿ ಮೊದಲು ಕಾಗದದ ಹಣವನ್ನು ನಡೆಸಿದವರು ಚೀನದವರು. ಸಿಚುವಾನ್ ಸೀಮೆಯ ವರ್ತಕರು ಭಾರವಾದ ಕಬ್ಬಿಣದ ನಾಣ್ಯಗಳನ್ನು ಹೊರಲಾರದೆ ಪರಸ್ಪರ ಚೀಟಿಗಳನ್ನು ಕೊಟ್ಟುಕೊಳ್ಳುತ್ತಿದ್ದರು; 1023ರ ಸುಮಾರಿಗೆ ಅಲ್ಲಿಯ ಅರಸರು ಆ ಕಾರ್ಯವನ್ನು ತಾವೇ ವಹಿಸಿಕೊಂಡರು. ಭರತಖಂಡದಲ್ಲಿ ಮಹಮ್ಮದ್ ತುಘಲಕನು 1330ರ ಸುಮಾರಿನಲ್ಲಿ ಹಿತ್ತಾಳೆ ತಾಮ್ರಗಳ ಬಿಲ್ಲೆಗಳಿಗೆ ಬೆಳ್ಳಿಯ ಬೆಲೆಯನ್ನು ಆಜ್ಞಾಪಿಸಿದನು. ತತ್ತ್ವದಲ್ಲಿ ಅದು ನೋಟಿನ ಉಪಾಯವೇ ಸರಿ. ಆದರೆ ಕೂಟನಾಣ್ಯವನ್ನು ತಡೆಯುವ ಉಪಾಯವು ಅವನಲ್ಲಿರಲಿಲ್ಲ. ಆದುದರಿಂದ ಅದು ಕೆಟ್ಟಿತು. ವಚನವನ್ನು ಕೊಟ್ಟರೆ ಸಾಲದು, ಆ ವಚನವನ್ನು ಇನ್ನೊಬ್ಬನು ಅನುಕರಿಸದಂತೆ ಮಾಡಬೇಕು. ನೋಟುಗಳ ಮೇಲಿನ ಸೂಕ್ಷ್ಮವಾದ ಬಳ್ಳಿಗಳು, ನೀರುಗುರುತುಗಳು, ಬಣ್ಣ ಬಣ್ಣದ ರೇಖೆಗಳೆಲ್ಲ ಹುಟ್ಟಿದುದು ಅಲಂಕಾರಕ್ಕಾಗಿ ಅಲ್ಲ, ಈ ಭಯದಿಂದ.

ವರ್ತಕರಲ್ಲಿ ಹುಂಡಿಯು ಪ್ರಾಚೀನ ಕಾಲದಿಂದಲೂ ನಡೆದುಬಂದಿದ್ದರೂ, ಹಿಂದೂಸ್ತಾನದಲ್ಲಿ ಸರಕಾರವೇ ನೋಟುಗಳನ್ನು ಹೊರಡಿಸಿದುದು 1861ರ ಕಾಯಿದೆಯಿಂದ ಈಚೆಗೆ. ಅದಕ್ಕೆ ಹಿಂದೆ ಕಲಕತ್ತೆ, ಮುಂಬಯಿ, ಮದರಾಸುಗಳ ಮೂರು ಬ್ಯಾಂಕುಗಳು ತಮ್ಮ ತಮ್ಮ ನೋಟುಗಳನ್ನು ಕೊಡುತ್ತಿದ್ದುವು. ಈ ಯೋಜನೆಯನ್ನು ತಂದ ಜೇಮ್ಸ್ ವಿಲ್ಸನ್ ಎಂಬ ಹಣಕಾಸಿನ ಸಚಿವನು ಅದು ಫಲಿಸುವುದನ್ನು ಕಾಣದೆ 1860ರಲ್ಲಿಯೇ ಕಲಕತ್ತೆಯಲ್ಲಿ ತೀರಿಕೊಂಡನು. ಮೊದಲಿನ ನೋಟುಗಳ ಮೇಲೆ ವಿಕ್ಟೋರಿಯಾ ರಾಣಿಯ ಮುಖವಿದ್ದಿತು. ಕೂಟನೋಟುಗಳು ಹೆಚ್ಚಿದುದರಿಂದ 1867ರಲ್ಲಿ ಅವನ್ನು ಹಿಂತೆಗೆದು, ಮುಖವಿಲ್ಲದ, ಹಸುರು ಬಣ್ಣದ ಒಳಮುದ್ರೆಯುಳ್ಳ ನೋಟುಗಳನ್ನು ತಂದರು. ಇವುಗಳಿಗೆ ಒಂದೇ ಮಗ್ಗುಲಿನಲ್ಲಿ ಅಚ್ಚು. ಒಂದು ವಲಯದ ನೋಟು ಇನ್ನೊಂದು ವಲಯದಲ್ಲಿ ನ್ಯಾಯವಾಗಿ ನಡೆಯುತ್ತಿರಲಿಲ್ಲ. ಕಲಕತ್ತೆಯ ನೋಟನ್ನು ಮದರಾಸಿನಲ್ಲಿ ಕೊಟ್ಟರೆ, ತೆಗೆದುಕೊಳ್ಳಲೇಬೇಕೆಂಬ ಬಲವಂತವು ಯಾರಿಗೂ ಇರಲಿಲ್ಲ. ದೂರದ ಊರಿಗೆ ಅಂಚೆಯಲ್ಲಿ ಹಣ ಕಳುಹಿಸುವವರು ನೋಟನ್ನು ನಡುವೆ ಎರಡಾಗಿ ಕತ್ತರಿಸಿ, ಮೊದಲು ಒಂದರ್ಧವನ್ನು ಕಳುಹಿಸಿ, ಅದು ಸೇರಿತೆಂದು ಪತ್ರ ಬಂದ ಮೇಲೆ ಉಳಿದರ್ಧವನ್ನು ಕಳುಹಿಸುತ್ತಿದ್ದರು. ಹೀಗೆ ಕತ್ತರಿಸಿ ಮತ್ತೆ ಅಂಟಿಸಿದ ನೋಟುಗಳು ಇಂದಿನ ಸಂಗ್ರಹಗಳಲ್ಲಿಯೂ ದೊರೆಯುತ್ತವೆ. ಅಪರಿಚಿತವಾದ ಹಾದಿಯಲ್ಲಿ ದುಡ್ಡನ್ನು ಕಳುಹಿಸಿ ಉತ್ತರಕ್ಕಾಗಿ ಕಾದಿದ್ದ ಒಬ್ಬ ಮನುಷ್ಯನ ಆತಂಕವನ್ನು ಆ ಅಂಟಿನ ಗೆರೆಯು ಇಂದಿಗೂ ಹೇಳುತ್ತದೆ.

ಕನ್ನಡಿಗರಿಗೆ ಈ ನೋಟುಗಳಲ್ಲಿ ಬೇರೊಂದು ಆಸಕ್ತಿಯುಂಟು. ವಿಕ್ಟೋರಿಯಾ ರಾಣಿಯ ನೋಟಿನಲ್ಲಿ ಎರಡು, ಹಸುರು ನೋಟಿನಲ್ಲಿ ನಾಲ್ಕು, ಆ ಬಳಿಕ ಬಂದ ಕೆಂಪು ನೋಟಿನಲ್ಲಿ ಎಂಟು ಎಂಬಂತೆ ದೇಶಭಾಷೆಗಳ ಸಂಖ್ಯೆಯು ಹೆಚ್ಚುತ್ತ ಬಂದಿತು. ಮೊದಲನೆಯ ಮಹಾಯುದ್ಧದಲ್ಲಿ ಬೆಳ್ಳಿಯು ದುರ್ಲಭವಾಗಲು, 1917ರ ನವೆಂಬರ್ 30ರಂದು ಐದನೆಯ ಜಾರ್ಜ್ ದೊರೆಯ ಚಿತ್ರವುಳ್ಳ ಒಂದು ರೂಪಾಯಿಯ ನೋಟು ಹೊರಟಿತು. ಅದರ ಹಿಂದೆಯೇ ಎರಡು ರೂಪಾಯಿ ಎಂಟಾಣೆಯ ವಿಚಿತ್ರವಾದ ನೋಟೂ ಬಂದಿತು. ಇವೆರಡೂ 1926ರ ಜನವರಿ 1ರಿಂದ ನಿಂತುಹೋದುವು. ಆ ಒಂದು ರೂಪಾಯಿಯ ನೋಟಿನ ಎಂಟು ಲಿಪಿಗಳಲ್ಲಿ ಕನ್ನಡವೂ ಒಂದು. ಕನ್ನಡವು ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗುಗಳೆಂದು ಹರಿದು ಹಂಚಿಹೋಗಿದ್ದ ದಿನಗಳಲ್ಲಿ, ಒಂದೇ ಅಕ್ಷರದ ಸಾಲು ಆ ಎಲ್ಲ ಸೀಮೆಗಳ ಸಂತೆಗಳಿಗೂ ಹೋಗಿಬರುತ್ತಿದ್ದುದು ಅಲ್ಪವಾದ ಸಂಗತಿಯಲ್ಲ. ಓದು ಬಾರದ ರೈತನು ಆ ಸಾಲನ್ನು ಓದದಿದ್ದರೂ, ಅದು ತನ್ನ ಅಕ್ಷರವೆಂದು ಗುರುತಿಸಬಲ್ಲವನಾಗಿದ್ದನು.

ಹೈದರಾಬಾದಿನ ನಿಜಾಮರು 1918ರಿಂದ ತಮ್ಮದೇ ಆದ ಉಸ್ಮಾನಿಯಾ ಸಿಕ್ಕಾ ನೋಟುಗಳನ್ನು ಹೊರಡಿಸಿದರು. ಅವುಗಳ ಮೇಲೆ ಉರ್ದು, ಇಂಗ್ಲಿಷುಗಳಲ್ಲದೆ ತೆಲುಗು, ಮರಾಠಿ, ಕನ್ನಡಗಳೂ ಇದ್ದುವು. ಕಲಬುರಗಿ, ರಾಯಚೂರು, ಬೀದರು ಸೀಮೆಗಳ ಮನೆಗಳಲ್ಲಿ ಓಡಾಡಿದ ಹಣವಿದು. ಅವರ ಏಳು ರೂಪಾಯಿಗೆ ಹಿಂದೂಸ್ತಾನದ ಆರು ರೂಪಾಯಿ ಎಂಬುದು ಸಾಮಾನ್ಯವಾದ ಲೆಕ್ಕ. ಈ ನೋಟುಗಳು ಇಂಗ್ಲೆಂಡಿನಲ್ಲಿ ಅಚ್ಚಾಗಿ ಹಡಗಿನಲ್ಲಿ ಬರುತ್ತಿದ್ದುವು. 1922ರ ಮೇ 20ರಂದು ಈಜಿಪ್ಟ್ ಎಂಬ ಹಡಗು ಫ್ರಾನ್ಸಿನ ಕರಾವಳಿಗೆ ಸಮೀಪದಲ್ಲಿ ಮಂಜಿನಲ್ಲಿ ಇನ್ನೊಂದು ಹಡಗಿಗೆ ತಾಕಿ ಮುಳುಗಿತು. ಅದರಲ್ಲಿದ್ದ ಚಿನ್ನ ಬೆಳ್ಳಿಗಳನ್ನು ಮೇಲೆತ್ತಲು ಇಟಲಿಯ ಮುಳುಗುಗಾರರು ವರ್ಷಗಟ್ಟಲೆ ಶ್ರಮಿಸಿ 1932ರಲ್ಲಿ ಕೃತಾರ್ಥರಾದರು. ಚಿನ್ನದೊಡನೆ ನಿಜಾಮರ ನೋಟುಗಳ ಕಟ್ಟುಗಳೂ ಮೇಲೆ ಬಂದುವು. ರುಜುವಾಗದ, ಆದುದರಿಂದ ಎಂದೂ ಹಣವಾಗದ ಆ ಕಾಗದಗಳು ಹತ್ತು ವರ್ಷ ಸಮುದ್ರದ ತಳದಲ್ಲಿದ್ದೂ ಕರಗಿಹೋಗಿರಲಿಲ್ಲ. ಅವು ಈಗ ಸಂಗ್ರಾಹಕರ ಬಳಿಯಲ್ಲಿವೆ. ಕಾಗದವು ನಶ್ವರವೆಂದು ಹೇಳುವವರು ಇದನ್ನು ನೆನೆಯಬೇಕು.

ಹೀಗೆ ಚದುರಿಹೋದ ಸಾಮಗ್ರಿಯನ್ನು ಒಂದೆಡೆ ಕೂಡಿಸಿ ಚರಿತ್ರೆಯಾಗಿ ಮಾಡಿದ ಕಾರ್ಯಕ್ಕೆ ಬೆಂಗಳೂರಿನಲ್ಲಿಯೇ ಒಂದು ಶ್ರೇಷ್ಠವಾದ ಉದಾಹರಣೆಯುಂಟು. ಗೃಹನಿರ್ಮಾಣದ ಉದ್ಯಮದಲ್ಲಿ ಪ್ರಸಿದ್ಧವಾದ, ವೈಟ್‌ಫೀಲ್ಡಿನಲ್ಲಿಯೂ ಶಾಂತಿನಿಕೇತನವೆಂಬ ದೊಡ್ಡ ವಸತಿಯನ್ನು ಕಟ್ಟಿರುವ ಪ್ರೆಸ್ಟೀಜ್ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾದ ಶ್ರೀ ರೆಜ್ವಾನ್ ರಜಾಕ್ ಅವರು ಅರ್ಧ ಶತಮಾನದಷ್ಟು ಕಾಲ ಭಾರತದ ನೋಟುಗಳನ್ನು ಸಂಗ್ರಹಿಸಿದ್ದಾರೆ. ಆ ಆಸಕ್ತಿಯು ಹುಟ್ಟಿದ ಸಂದರ್ಭವು ಗಮನಾರ್ಹವಾದುದು. ಅವರ ತಾತನವರ ತಿಜೋರಿಯಲ್ಲಿ ಕೆಲವು ಹಳೆಯ ನೋಟುಗಳು ಅವರಿಗೆ ದೊರೆತುವು; ಅವುಗಳ ಮೇಲೆ, ಇದು ಪಾಕಿಸ್ತಾನದ ನೋಟು, ಹಣ ಕೊಡಲಾಗುವುದಿಲ್ಲ ಎಂಬರ್ಥದ ಮುದ್ರೆಯನ್ನು ಒತ್ತಲಾಗಿತ್ತು.

ಆ ಮುದ್ರೆಯ ಹಿನ್ನೆಲೆಯು ಹೀಗಿದೆ. 1947ರಲ್ಲಿ ದೇಶವು ವಿಭಾಗವಾದಾಗ ಹೊಸ ಪಾಕಿಸ್ತಾನಕ್ಕೆ ಸ್ವಂತ ನೋಟುಗಳಿರಲಿಲ್ಲ. ಆದುದರಿಂದ ನಾಸಿಕದಲ್ಲಿ ಅಚ್ಚಾದ ಭಾರತದ ನೋಟುಗಳ ಮೇಲೆಯೇ ಪಾಕಿಸ್ತಾನ ಸರಕಾರವೆಂದು ಇಂಗ್ಲಿಷಿನಲ್ಲಿಯೂ ಉರ್ದುವಿನಲ್ಲಿಯೂ ಮೇಲ್ಮುದ್ರೆಯನ್ನು ಹಾಕಿ 1948ರ ಏಪ್ರಿಲಿನಿಂದ ಅಲ್ಲಿ ನಡೆಸಿದರು. ಅದೇ ದೊರೆಯ ಮುಖ, ಅದೇ ಕಾಗದ, ಅದೇ ಮುದ್ರಣಾಲಯ. ಎರಡು ಸಾಲು ಅಕ್ಷರಗಳಷ್ಟೇ ಭೇದ. ಆ ಎರಡು ಸಾಲಿನ ದೆಸೆಯಿಂದ ಗಡಿಯ ಈಚೆಗೆ ಆ ಹಣವು ಹಣವಾಗಿ ಉಳಿಯಲಿಲ್ಲ. ವ್ಯಾಪಾರದಲ್ಲಿ ಕೈಗೆ ಬಂದ ನೋಟನ್ನು ಬ್ಯಾಂಕಿಗೆ ಒಯ್ದವನು ನಿರಾಕರಣದ ಮುದ್ರೆಯೊಡನೆ ಅದನ್ನು ಹಿಂದಕ್ಕೆ ತಂದನು. ಬೇರೊಬ್ಬನಾಗಿದ್ದರೆ ಅದನ್ನು ಹರಿದು ಒಲೆಗೆ ಹಾಕುತ್ತಿದ್ದನು. ಅದನ್ನು ಎಸೆಯದೆ ತಿಜೋರಿಯಲ್ಲಿಟ್ಟ ಹಿರಿಯರಿಗೆ ಅದು ನಷ್ಟ. ಎರಡು ತಲೆಮಾರಿನ ತರುವಾಯ ಅದನ್ನು ಕಂಡ ಹುಡುಗನಿಗೆ ಅದೇ ವಿದ್ಯೆಗೆ ಬಾಗಿಲು. ದೇಶವಿಭಾಗವನ್ನು ಕುರಿತು ಬರೆದ ಗ್ರಂಥಗಳು ಅನೇಕವಿವೆ. ಆದರೆ ದಕ್ಷಿಣದ ಬೆಂಗಳೂರಿನ ಒಂದು ಮನೆಯ ತಿಜೋರಿಯವರೆಗೂ ಆ ಗಡಿಯು ಬಂದು ಮುಟ್ಟಿತ್ತೆಂಬುದನ್ನು ಈ ಕಾಗದದಷ್ಟು ಸ್ಪಷ್ಟವಾಗಿ ತೋರಿಸುವ ಸಾಧನವು ಸುಲಭವಾಗಿ ಸಿಕ್ಕದು.

ಶ್ರೀ ರಜಾಕ್ ಅವರು ಶ್ರೀ ಕಿಶೋರ್ ಝುಂಝುನ್‌ವಾಲಾ ಅವರೊಡನೆ ಸೇರಿ ಭಾರತದ ಕಾಗದದ ಹಣವನ್ನು ಕುರಿತ ಪ್ರಮಾಣಗ್ರಂಥದ ಪರಿಷ್ಕೃತ ಆವೃತ್ತಿಯನ್ನು 2012ರಲ್ಲಿ ಪ್ರಕಟಿಸಿದರು. ಒಂದು ರೂಪಾಯಿಯ ನೋಟಿಗೆ ನೂರು ವರ್ಷ ತುಂಬಿದಾಗ, 2017ರಲ್ಲಿ, ಅದನ್ನೇ ಕುರಿತು ಇನ್ನೊಂದು ಗ್ರಂಥವನ್ನು ಹೊರತಂದರು. 2020ರಲ್ಲಿ ಬೆಂಗಳೂರಿನ ಬ್ರಂಟನ್ ರಸ್ತೆಯಲ್ಲಿ ಅವರ ಸಂಗ್ರಹವು ಸಾರ್ವಜನಿಕರಿಗೆ ವಸ್ತುಪ್ರದರ್ಶನಾಲಯವಾಗಿ ತೆರೆಯಿತು. ತಿಜೋರಿಯಲ್ಲಿ ಮುಚ್ಚಿಟ್ಟದ್ದು ಹೀಗೆ ಎಲ್ಲರ ಕಣ್ಣಿಗೂ ಬೀಳುವಂತಾದುದೇ ಸಂಗ್ರಹದ ಸಾರ್ಥಕ್ಯ. ಉಡುಪಿಯಲ್ಲಿಯೂ, 1906ರಲ್ಲಿ ಅಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕಿನವರು ತಮ್ಮ ಸ್ಥಾಪಕರಾದ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲಿಯೇ ನಾಣ್ಯಗಳ ಪ್ರದರ್ಶನಾಲಯವನ್ನು ಏರ್ಪಡಿಸಿದರು. ಆ ಬ್ಯಾಂಕು 2020ರಲ್ಲಿ ಬೇರೊಂದರಲ್ಲಿ ಲೀನವಾಗಿ ಹೆಸರು ಅಳಿಯಿತು.

ಬೆಂಗಳೂರಿನ ಹೊರವಲಯಕ್ಕೂ ನೋಟಿಗೂ ಇನ್ನೂ ನಿಕಟವಾದ ಸಂಬಂಧವಿದೆ. ಮೊದಲಿನ ಎರಡು ರೂಪಾಯಿಯ ನೋಟನ್ನು ಬಲ್ಲವರು ಅದರ ಹಿಂಬದಿಯಲ್ಲಿದ್ದ ಹಲವು ಮುಖದ ಗೋಳದಂತಹ ಆಕೃತಿಯನ್ನು ಮರೆತಿರಲಾರರು. ಅದು ಆರ್ಯಭಟವೆಂಬ ಉಪಗ್ರಹ. 1975ರ ಏಪ್ರಿಲ್ 19ರಂದು ರಷ್ಯದ ನೆಲೆಯಿಂದ ಆಕಾಶಕ್ಕೇರಿದ, ಭಾರತೀಯರು ಕಟ್ಟಿದ ಮೊದಲನೆಯ ಉಪಗ್ರಹ. ಅದನ್ನು ಕಟ್ಟಿದುದು ಯಾವ ದೊಡ್ಡ ಭವನದಲ್ಲಿಯೂ ಅಲ್ಲ, ಪೀಣ್ಯದ ಕೈಗಾರಿಕಾ ವಸತಿಯ ತಗಡಿನ ಮಾಡಿನ ಸಾಧಾರಣ ಕಟ್ಟಡಗಳಲ್ಲಿ. ಹೂವಿನ ಅಂಗಡಿಯಲ್ಲಿಯೂ ಬಸ್ಸಿನಲ್ಲಿಯೂ ಮಡಿಸಿ ಮುದುರಿ ಕೈಬದಲಾಗುತ್ತಿದ್ದ ಆ ಕೆಂಪು ನೋಟು, ಪೀಣ್ಯದ ಕೆಲಸಗಾರರ ಕೈಚಳಕವನ್ನು ಊರೂರಿಗೆ ಒಯ್ಯುತ್ತಿತ್ತು. ಎರಡು ರೂಪಾಯಿಯ ನೋಟಿನ ಮುದ್ರಣವು 1995ರಲ್ಲಿ ನಿಂತಿತು. 2016ರಲ್ಲಿ ಬಂದ ಎರಡು ಸಾವಿರದ ನೋಟಿನ ಮೇಲೆ ಬೆಂಗಳೂರಿನಲ್ಲಿಯೇ ಸಿದ್ಧವಾದ ಮಂಗಳಯಾನದ ಚಿತ್ರವಿದ್ದಿತು. ಅದನ್ನು ಚಲಾವಣೆಯಿಂದ ಹಿಂತೆಗೆಯುವುದಾಗಿ 2023ರ ಮೇ 19ರಂದು ರಿಸರ್ವ್ ಬ್ಯಾಂಕು ಪ್ರಕಟಿಸಿತು. 2017ರ ಐವತ್ತು ರೂಪಾಯಿಯ ನೋಟಿನ ಹಿಂಬದಿಯಲ್ಲಿ ಹಂಪೆಯ ಕಲ್ಲಿನ ರಥವಿದೆ. ವರಾಹವನ್ನು ಟಂಕಿಸಿ ಲೋಕದ ವರ್ತಕರನ್ನು ಸೆಳೆದ ವಿಜಯನಗರದ ರಾಜಧಾನಿಯು ಈಗ ಕಾಗದದ ಮೇಲೆ ನೆಲಸಿದೆ.

ನೋಟಿನ ಮೇಲೆ ಚಿತ್ರವಾದುದಷ್ಟೇ ಅಲ್ಲ, ನೋಟೇ ಹುಟ್ಟುವ ಸ್ಥಳವೂ ಕನ್ನಡ ನಾಡಾಯಿತು. ನೋಟುಗಳ ಮುದ್ರಣಕ್ಕಾಗಿ ರಿಸರ್ವ್ ಬ್ಯಾಂಕು 1995ರಲ್ಲಿ ಸ್ಥಾಪಿಸಿದ ಕಂಪನಿಗೆ ಬೆಂಗಳೂರೇ ಮುಖ್ಯಸ್ಥಳ. ಅದರ ಮೈಸೂರಿನ ಮುದ್ರಣಾಲಯವು 1996ರಲ್ಲಿ ಕೆಲಸವನ್ನಾರಂಭಿಸಿತು. ಕಾಗದಕ್ಕಾಗಿ ಪರದೇಶಗಳ ಕೈನೋಡುವುದನ್ನು ತಪ್ಪಿಸಲು 2010ರಲ್ಲಿ ಏರ್ಪಟ್ಟ ಕಂಪನಿಯೊಂದು ವರ್ಷಂಪ್ರತಿ 12,000 ಟನ್ ಕಾಗದವನ್ನು ಮಾಡಬಲ್ಲ ಕಾರ್ಖಾನೆಯನ್ನು ಮೈಸೂರಿನಲ್ಲಿಯೇ ಕಟ್ಟಿತು. 2022ರ ಮಾರ್ಚಿಯಲ್ಲಿ ವರ್ಣಿಕಾ ಎಂಬ ಮಸಿಯ ಕಾರ್ಖಾನೆಯೂ ಅಲ್ಲಿಯೇ ತೆರೆಯಿತು; ಅದರ ಶಕ್ತಿ ವರ್ಷಕ್ಕೆ 1,500 ಟನ್. ಸ್ವಂತ ನಾಣ್ಯವನ್ನು ಟಂಕಿಸಕೂಡದೆಂದು 1881ರಲ್ಲಿ ಕಟ್ಟುಪಾಡಿಗೆ ಒಳಗಾದ ಮೈಸೂರಿನಲ್ಲಿ ಇಂದು ಇಡೀ ದೇಶದ ಹಣಕ್ಕೆ ಕಾಗದವೂ ಮಸಿಯೂ ಅಚ್ಚೂ ಒದಗುತ್ತಿವೆ.

ಇನ್ನು ಇತರ ದೇಶಗಳ ವಿಚಿತ್ರವಾದ ನೋಟುಗಳ ಮಾತು. ಥಾಯ್ಲೆಂಡಿನವರು ತಮ್ಮ ಅರಸರ ಅರವತ್ತನೆಯ ವರ್ಷದ ಸ್ಮರಣಾರ್ಥವಾಗಿ 1987ರಲ್ಲಿ ಅರವತ್ತು ಬಾತ್‌ಗಳ ಚಚ್ಚೌಕವಾದ ನೋಟನ್ನು ಹೊರಡಿಸಿದರು. ಅದೇ ವರ್ಷ ಬರ್ಮಾದ ಅಧಿಪತಿಯು ಒಂಬತ್ತು ತನಗೆ ಶುಭವೆಂಬ ನಂಬಿಕೆಯಿಂದ, ಒಂಬತ್ತರಿಂದ ಭಾಗವಾಗುವ ನಲವತ್ತೈದು ಮತ್ತು ತೊಂಬತ್ತು ಕ್ಯಾಟ್‌ಗಳ ನೋಟುಗಳನ್ನು ತಂದು, ಹಿಂದಿನ ಕೆಲವು ನೋಟುಗಳನ್ನು ರದ್ದುಮಾಡಿ ಬಡವರ ಕೂಡಿಟ್ಟ ಹಣವನ್ನು ಒಂದೇ ದಿನದಲ್ಲಿ ಕಾಗದಮಾಡಿದನು. ಆಸ್ಟ್ರೇಲಿಯದವರು 1988ರಲ್ಲಿ ಕಾಗದವನ್ನೇ ಬಿಟ್ಟು ಪ್ಲಾಸ್ಟಿಕ್ಕಿನ ನೋಟನ್ನು ಮೊದಲಬಾರಿಗೆ ತಂದರು. ಮೊದಲನೆಯ ಮಹಾಯುದ್ಧದ ತರುವಾಯ ಜರ್ಮನಿಯಲ್ಲಿ ಚಿಲ್ಲರೆಯು ಕಾಣದೆ ಊರೂರಿನವರೂ ತಮ್ಮ ತಮ್ಮ ನೋಟುಗಳನ್ನು ಅಚ್ಚುಹಾಕಿದರು. ಬೀಲೆಫೆಲ್ಡ್ ಎಂಬ ಜವಳಿಯ ಪಟ್ಟಣದವರಂತೂ ರೇಷ್ಮೆಯ ಮೇಲೆಯೇ ಅಚ್ಚುಹಾಕಿದರು. 1997ರಲ್ಲಿ ಜಾಯಿರೆಯ ಸರ್ವಾಧಿಕಾರಿಯಾದ ಮೊಬುಟುವು ಓಡಿಹೋದಾಗ, ಹೊಸ ನೋಟುಗಳಿಲ್ಲದೆ, ಹಳೆಯ ನೋಟುಗಳಲ್ಲಿದ್ದ ಅವನ ಮುಖವನ್ನಷ್ಟೇ ದುಂಡಗೆ ತೂತು ಕೊರೆದು ತೆಗೆದರು.

ಅತ್ಯಂತ ದೊಡ್ಡ ಸಂಖ್ಯೆಯ ನೋಟುಗಳ ವಿಚಾರವು ಕುತೂಹಲಕರವೂ ಹೌದು, ಶೋಚನೀಯವೂ ಹೌದು. ಲೀಲಾವತಿಯಲ್ಲಿ ಭಾಸ್ಕರಾಚಾರ್ಯರು ಏಕದಿಂದ ಪರಾರ್ಧದವರೆಗೆ ಹದಿನೆಂಟು ಸ್ಥಾನಗಳಿಗೆ ಹೆಸರನ್ನು ಹೇಳಿದ್ದಾರೆ. 2009ರಲ್ಲಿ ಜಿಂಬಾಬ್ವೆಯವರು ಹೊರಡಿಸಿದ ನೋಟಿನಲ್ಲಿ ಒಂದರ ಮುಂದೆ ಹದಿನಾಲ್ಕು ಸೊನ್ನೆಗಳಿವೆ. ಆ ಲೆಕ್ಕದಲ್ಲಿ ಅದು ಒಂದು ಜಲಧಿ. 1946ರಲ್ಲಿ ಹಂಗೇರಿಯವರು ಹೊರಡಿಸಿದ ನೋಟು ಒಂದರ ಮುಂದೆ ಇಪ್ಪತ್ತು ಸೊನ್ನೆಗಳಷ್ಟು ಪೆಂಗೋಗಳದು. ಪರಾರ್ಧದ ಮುಂದೆ ಹದಿನೇಳೇ ಸೊನ್ನೆಗಳಾದುದರಿಂದ ಇದು ಪರಾರ್ಧಕ್ಕೂ ಸಾವಿರಪಾಲು ಹೆಚ್ಚು. ಆಚಾರ್ಯರು ವ್ಯವಹಾರಕ್ಕೆ ಸಾಕೆಂದು ಪರಾರ್ಧದಲ್ಲಿ ನಿಲ್ಲಿಸಿದರು. ಹಂಗೇರಿಯ ವ್ಯವಹಾರವು ಅದನ್ನೂ ಮೀರಿತು. ಆದರೆ ಇಂತಹ ನೋಟನ್ನು ಕೈಯಲ್ಲಿ ಹಿಡಿದು ನಗುವವನು ಇನ್ನೊಂದನ್ನೂ ಭಾವಿಸಬೇಕು. ಬೆಳಗ್ಗೆ ಸಂಬಳವಾಗಿ ಬಂದುದು ಸಂಜೆಗೆ ರೊಟ್ಟಿಗೆ ಸಾಲದೆ, ಜೀವಮಾನವೆಲ್ಲ ಕೂಡಿಟ್ಟುದು ಒಂದು ಅಂಚೆಚೀಟಿಗೂ ಬಾರದೆ ಅತ್ತವರ ಕಣ್ಣೀರು ಆ ಸೊನ್ನೆಗಳಲ್ಲಿದೆ. ನೋಟಿನ ಮೇಲಿನ ಸಂಖ್ಯೆಯು ದೊಡ್ಡದಾದಷ್ಟೂ ವಚನವು ಸಣ್ಣದಾಯಿತೆಂಬುದೇ ಈ ಚರಿತ್ರೆಯ ಪಾಠ. ಮಕ್ಕಳಿಗೆ ಸೊನ್ನೆಗಳನ್ನು ಎಣಿಸಲು ಕಲಿಸುವ ಹಿರಿಯರು ಇದನ್ನೂ ಕಲಿಸಿದರೆ ಸಂಗ್ರಹವು ವಿನೋದವಾಗಿ ಮುಗಿಯದೆ ವಿದ್ಯೆಯಾಗುತ್ತದೆ.

ಈ ಹವ್ಯಾಸದಲ್ಲಿ ದೋಷಗಳೂ ಇಲ್ಲದಿಲ್ಲ. ಕೇವಲ ಸಂಖ್ಯೆಯ ಸೊಗಸಿಗಾಗಿ, ಒಂದೇ ಅಂಕಿಯ ಸಾಲಿಗಾಗಿ, ಶುಭವೆನಿಸಿದ ಅಂಕಿಗಳಿಗಾಗಿ ಹತ್ತುಪಟ್ಟು ನೂರುಪಟ್ಟು ಹಣವನ್ನು ಸುರಿಯುವವರುಂಟು. ಅದು ಚರಿತ್ರೆಯಲ್ಲ, ಜೂಜಿನ ನೆರೆಮನೆ. ನಿಮ್ಮ ಹಳೆಯ ನೋಟಿಗೆ ಲಕ್ಷಗಟ್ಟಲೆ ಕೊಡುವೆವೆಂದು ಆಸೆ ತೋರಿಸಿ, ಮೊದಲು ಶುಲ್ಕವನ್ನು ಕಟ್ಟಿರೆಂದು ದೋಚುವ ವಂಚಕರೂ ಉಂಟು. ತನ್ನ ಹೆಸರನ್ನು ಹೇಳಿಕೊಂಡು ಹೀಗೆ ಮೋಸಮಾಡುವವರನ್ನು ನಂಬಬಾರದೆಂದು ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಬೇಕಾಯಿತು. ಮನೆಯಲ್ಲಿ ಹಿರಿಯರಿಟ್ಟ ನೋಟು ದೊರೆತರೆ ಮಾಡತಕ್ಕದ್ದು ಬೇರೆ. ಅದನ್ನು ಒಗೆಯಬಾರದು, ಇಸ್ತ್ರಿಮಾಡಬಾರದು. ಹರಿದಿದ್ದರೆ ಅಂಟುಪಟ್ಟಿಯನ್ನು ಹಚ್ಚಬಾರದು, ಆ ಅಂಟು ಕಾಲಕ್ರಮದಲ್ಲಿ ಕಾಗದವನ್ನೇ ತಿನ್ನುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಬೇಯಿಸಿ ಮುಚ್ಚಿಸುವುದಂತೂ ಸರ್ವಥಾ ಕೂಡದು. ಬಿಸಿಲೂ ತೇವವೂ ತಾಗದ ಕಡೆಯಲ್ಲಿ ಮಡಿಸದೆ ಇಟ್ಟು, ಅದು ಯಾರದು, ಯಾವ ಊರಿನಲ್ಲಿ ಹೇಗೆ ದೊರೆಯಿತು ಎಂಬುದನ್ನು ಬೇರೊಂದು ಹಾಳೆಯಲ್ಲಿ ಬರೆದು ಜೊತೆಯಲ್ಲಿರಿಸಬೇಕು. ಮಾರುವವನಿಗೆ ಈ ಹಾಳೆಯಿಂದ ಏನೂ ಆಗದಿರಬಹುದು. ಚರಿತ್ರೆಯನ್ನು ಬರೆಯುವವನಿಗೆ ನೋಟಿಗಿಂತಲೂ ಈ ಹಾಳೆಯೇ ಹೆಚ್ಚಿನದು. ಹಿಂದೆ ಬ್ಯಾಂಕಿನವರು ಕಟ್ಟುಗಳನ್ನು ಪಿನ್ನಿನಿಂದ ಚುಚ್ಚುತ್ತಿದ್ದುದರಿಂದ ಹಳೆಯ ನೋಟುಗಳಲ್ಲಿ ಸಣ್ಣ ತೂತುಗಳಿರುತ್ತವೆ. ಅದಕ್ಕಾಗಿ ಅವನ್ನು ತಿರಸ್ಕರಿಸಬೇಕಾದುದಿಲ್ಲ.

ಸಂಗ್ರಾಹಕರ ಈ ಕಾರ್ಯವನ್ನು ಕಾನೂನೂ ಒಂದು ಮಟ್ಟಿಗೆ ಮನ್ನಿಸಿದೆ. 2016ರ ನವೆಂಬರ್ 8ರಂದು ಐನೂರು ಮತ್ತು ಸಾವಿರ ರೂಪಾಯಿಗಳ ಆಗಿನ ನೋಟುಗಳು ರದ್ದಾದುವು. ಆ ತರುವಾಯ 2017ರಲ್ಲಿ ಆದ ಕಾಯಿದೆಯು ಸಾಮಾನ್ಯರು ಆ ನೋಟುಗಳನ್ನು ಹತ್ತಕ್ಕಿಂತ ಹೆಚ್ಚಾಗಿ ಇಟ್ಟುಕೊಳ್ಳಕೂಡದೆಂದು ವಿಧಿಸಿತು. ಆದರೆ ಅಧ್ಯಯನ, ಸಂಶೋಧನೆ, ನಾಣ್ಯಶಾಸ್ತ್ರಗಳ ನಿಮಿತ್ತವಾಗಿ ಇಪ್ಪತ್ತೈದರವರೆಗೆ ಇಟ್ಟುಕೊಳ್ಳಬಹುದೆಂದು ಅನುಮತಿಯನ್ನಿತ್ತಿತು. ಬೆಲೆಯನ್ನು ಕಿತ್ತುಕೊಂಡ ಶಾಸನವೇ ಆ ಕಾಗದದಲ್ಲಿ ಬೆಲೆಯ ಹೊರತಾಗಿ ಬೇರೊಂದು ಸಾರವಿದೆಯೆಂದು ಹೀಗೆ ಒಪ್ಪಿಕೊಂಡಿದೆ.

ಇದೇ 2016ರಲ್ಲಿ, ನೋಟುಗಳು ರದ್ದಾಗುವುದಕ್ಕೆ ಏಳು ತಿಂಗಳ ಹಿಂದೆ, ದೂರವಾಣಿಯ ಮೂಲಕವೇ ಹಣವನ್ನು ಸಲ್ಲಿಸುವ ಏಕೀಕೃತ ಏರ್ಪಾಡು ಪ್ರಾರಂಭವಾಗಿದ್ದಿತು. ಇಂದು ವೈಟ್‌ಫೀಲ್ಡಿನ ಬೀದಿಯಲ್ಲಿ ಎಳನೀರು ಮಾರುವವನ ಗಾಡಿಯ ಮೇಲೂ ಕಪ್ಪು ಬಿಳುಪಿನ ಚೌಕದ ಚಿತ್ರವು ತೂಗುತ್ತಿದೆ. ಕೊಳ್ಳುವವನು ದೂರವಾಣಿಯನ್ನು ಅದಕ್ಕೆ ಹಿಡಿದರೆ ಹಣವು ಸಂದುಹೋಗುತ್ತದೆ. ಅನುಕೂಲವೇನೋ ಮಹತ್ತಾದುದು. ಆದರೆ ಹಾಗೆ ಸಂದುಹೋದ ಹಣದ ಮೇಲೆ ಯಾವ ದೊರೆಯ ಮುಖವೂ ಇಲ್ಲ, ಹಂಪೆಯ ರಥವೂ ಇಲ್ಲ, ಹದಿನೈದು ಭಾಷೆಗಳ ಸಾಲಿನಲ್ಲಿ ನಾಲ್ಕನೆಯದಾಗಿ ನಿಂತ ಕನ್ನಡವೂ ಇಲ್ಲ. ನಿರಾಕರಣದ ಮುದ್ರೆಯನ್ನು ಹೊತ್ತು ತಾತನ ತಿಜೋರಿಯಲ್ಲಿ ಮೊಮ್ಮಗನಿಗಾಗಿ ಕಾದಿರಲು ಅದಕ್ಕೆ ದೇಹವೇ ಇಲ್ಲ. ಆದಕಾರಣ ಹಿಂದಿನವರಿಗಿಂತ ಇಂದಿನವರಿಗೆ ಈ ವಿಷಯದಲ್ಲಿ ಹೊಣೆ ಹೆಚ್ಚು. ಮನೆಯ ಪೆಟ್ಟಿಗೆಯನ್ನೋ ಹಳೆಯ ಪಂಚಾಂಗವನ್ನೋ ಹಿರಿಯರ ಲೆಕ್ಕದ ಪುಸ್ತಕವನ್ನೋ ತೆರೆದಾಗ ಒಂದು ಹಳೆಯ ನೋಟು ಜಾರಿಬಿದ್ದರೆ, ಇದಕ್ಕೆ ಈಗ ಎಷ್ಟು ಬರುತ್ತದೆಂದು ಕೇಳುವುದಕ್ಕೆ ಮುಂಚೆ, ಅದನ್ನು ಅಲ್ಲಿಟ್ಟವರು ಯಾರು, ಏಕೆ ವ್ಯಯಮಾಡದೆ ಇಟ್ಟರು ಎಂದು ಕೇಳುವುದು ಒಳಿತು. ಆ ಉತ್ತರವನ್ನು ಬಲ್ಲವರು ಮನೆಯಲ್ಲಿ ಇನ್ನೂ ಇರುವಾಗಲೇ ಕೇಳಿ ಬರೆದಿಡಬೇಕು.